ಕಾಡನ್ನ ಊರವ್ರ ಕೈಗೆ ಕೊಟ್ರೆ ಉಳಿಯುತ್ತಾ?

ಪ್ರಶ್ನೆ: ಸಾರ್, ಕಾಡಿನ ಹಕ್ಕು ಗ್ರಾಮಸಭೆಗೆ ಕೊಟ್ರೆ ಜನ ಎಲ್ಲಾ ಕಡಿದು ಮಾರ್ಕೊಳ್ಳಲ್ವಾ?

ಉತ್ತರ: ಈ ಭಯ ಎಲ್ರಿಗೂ ಇದೆ, ಆದ್ರೆ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಕತೆ ಕೇಳಿ. ಗೊಂಡ ಆದಿವಾಸಿ ಜನರ ಪುಟ್ಟ ಊರು, 2006ರ ಅರಣ್ಯ ಹಕ್ಕು ಕಾಯ್ದೆ ಕೆಳಗೆ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಮುದಾಯ ಹಕ್ಕು ಸಿಕ್ತು. ಸಿಕ್ತು ಅಂದ್ರೆ ಪೇಪರ್‌ನಲ್ಲಿ ಅಷ್ಟೇ! ಬಿದಿರು ಕಡಿಯೋ ಹಕ್ಕಿದೆ, ಆದ್ರೆ ಲಾರಿಗೆ ತುಂಬಿ ಸಾಗಿಸೋಕೆ ಬೇಕಾದ ಪರವಾನಗಿ ಬರೆದುಕೊಡೋ ಪಾಸ್ ಪುಸ್ತಕ ಮಾತ್ರ ಅರಣ್ಯ ಇಲಾಖೆ ಕೈಲೇ ಇತ್ತು, ಯಾಕಂದ್ರೆ 1927ರ ಹಳೇ ಅರಣ್ಯ ಕಾಯ್ದೆಯಲ್ಲಿ ಆಗ ಬಿದಿರು ಮರ ಅಂತಿತ್ತು (2017ರಲ್ಲಿ ತೆಗೆದ್ರು), 2006ರ ಹೊಸದ್ರಲ್ಲಿ ಕಿರು ಅರಣ್ಯ ಉತ್ಪನ್ನ, ಅಂದ್ರೆ ಜನ ತಂದು ಮಾರ್ಕೊಳ್ಳಬಹುದಾದ ಕಾಡಿನ ವಸ್ತು, ಹುಲ್ಲಿನ ಜಾತಿಗೆ ಇಷ್ಟೆಲ್ಲಾ ಜಗಳ ನೋಡಿ. ಕೊನೆಗೆ 2011ರಲ್ಲಿ ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಖುದ್ದು ಹೋಗಿ ಆ ಪುಸ್ತಕ ಗ್ರಾಮಸಭೆಗೆ ಕೊಡಿಸಿದ್ರು. ಅಲ್ಲಿ ಒಬ್ಬ ಬೇಡ ಅಂದ್ರೂ ತೀರ್ಮಾನ ಆಗಲ್ಲ, ಎಲ್ರೂ ಒಪ್ಪೋವರೆಗೂ ಮಾತಾಡ್ತಾರೆ, ಮನಸ್ಸಿಗೆ ಬಂದಂಗೆ ಕಡಿಯೋದು ಅಷ್ಟು ಸುಲಭ ಅಲ್ಲ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಹಕ್ಕುಪತ್ರ ಬಂತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ನನ್ ಕೇಳಿದ್ರೆ ಜನ ಕಡೀತಾರಾ ಅನ್ನೋಕಿಂತ ಪಾಸ್ ಪುಸ್ತಕ ಯಾರ ಜೇಬಲ್ಲಿದೆ ಅಂತ ಮೊದ್ಲು ನೋಡಿ.