ಸುಡುಬಿಸಿಲಿದ್ರೂ ಕರೆಂಟ್ ಹೋದ್ರೆ ಸೋಲಾರ್ ಯಾಕೆ ನಿಲ್ಲುತ್ತೆ?

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿ. ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಬಿಲ್ ಇಳಿದಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕರೆಂಟ್ ಹೋದರೆ ನಡು ಮಧ್ಯಾಹ್ನವೂ ಫ್ಯಾನ್ ನಿಲ್ಲುತ್ತದೆ. ಹಾಕಿದವರು ಮೋಸ ಮಾಡಿದರಾ? ಗದಗಿನಲ್ಲಿ ನಮ್ಮಣ್ಣನ ಹಿಟ್ಟಿನ ಗಿರಣಿ ಇದೆ, 10 ಎಚ್‌ಪಿ ಮೋಟರ್. ಅವನೂ ಹಾಕಿಸ್ತೀನಿ ಅಂತಾನೆ. ಉಪಯೋಗ ಇದೆಯಾ?

ಉತ್ತರ: ಮೋಸ ಅಲ್ಲ ಸರ್. ಮೊದಲೇ ಹೇಳಬೇಕಾದ್ದನ್ನು ಹೇಳಿಲ್ಲ, ಅಷ್ಟೇ.

ನಿಮ್ಮದು ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನಿಗೆ ಜೋಡಿಸಿದ ಸೋಲಾರ್. ಪ್ಯಾನೆಲ್‌ನಿಂದ ಬರುವ ಡಿಸಿ ಕರೆಂಟನ್ನು ಇನ್ವರ್ಟರ್ ಮನೆಯಲ್ಲಿ ಬಳಸುವ ಎಸಿ ಮಾಡಿ, ಹೆಸ್ಕಾಂ ಲೈನಿನ ವೋಲ್ಟೇಜ್ ಮತ್ತು 50 ಹರ್ಟ್ಸ್‌ಗೆ ಹೊಂದಿಸಿ ಮನೆಗೆ ಕೊಡುತ್ತದೆ. ಮಿಕ್ಕಿದ್ದು ಮೀಟರ್ ದಾಟಿ ಲೈನಿಗೆ ಹೋಗುತ್ತದೆ. ಲೈನೇ ಸತ್ತರೆ? ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡ್ತಿರಬಹುದು. ನಿಮ್ಮ ಮಾಳಿಗೆಯ ಕರೆಂಟ್ ಆ ತಂತಿಗೆ ಹೋದರೆ ಅವನ ಜೀವಕ್ಕೇ ಕುತ್ತು. ಅದಕ್ಕೇ ಎರಡು ಸೆಕೆಂಡಿನೊಳಗೆ ತಾನೇ ಬಂದ್ ಆಗುವಂತೆ ಇನ್ವರ್ಟರ್ ಮಾಡಿರುತ್ತಾರೆ. ಆಗ ಅದರ ಮುಂದೆ ನಿಂತು ನೋಡಿ, ಕೆಂಪು ದೀಪ ಹತ್ತಿ ‘ನೋ ಗ್ರಿಡ್’ ಅಂತಲೋ ಅಂಥದ್ದೇ ಏನೋ ತೋರಿಸ್ತಿರುತ್ತೆ. ಕರೆಂಟ್ ಬಂದ ಮೇಲೂ ಲೈನ್ ಸರಿಯಿದೆಯಾ ಅಂತ ಸ್ವಲ್ಪ ಹೊತ್ತು ನೋಡಿಯೇ ಶುರುವಾಗುತ್ತದೆ, ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ.

ಹಾಗಾದರೆ ಹೈಬ್ರಿಡ್ ಇನ್ವರ್ಟರ್ (ಲೈನ್ ಇಲ್ಲದಾಗ ಸೋಲಾರ್, ಬ್ಯಾಟರಿಯಿಂದ ಮನೆಗೆ ಕರೆಂಟ್ ಕೊಡುವಂಥದ್ದು) ಮತ್ತು ಬ್ಯಾಟರಿ ಹಾಕಿಸಬೇಕಾ? ಮಾರುವವರು ಹೌದು ಅಂತಾರೆ. ನಾನು ಮೊದಲು ಲೆಕ್ಕ ಹಾಕಿ ಅಂತೀನಿ. ನಾಲ್ಕು ಫ್ಯಾನ್, ಐದಾರು ಎಲ್‌ಇಡಿ ಬಲ್ಬು, ಒಂದು ಫ್ರಿಜ್ ಸೇರಿ ಸುಮಾರು 500 ವ್ಯಾಟ್. ಮೂರು ತಾಸು ಕರೆಂಟ್ ಹೋದರೂ ಒಂದೂವರೆ ಯೂನಿಟ್ ಸಾಕು. ಇಷ್ಟಕ್ಕೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಹೋಮ್ ಯುಪಿಎಸ್, ತಕ್ಕ ಬ್ಯಾಟರಿ ಇಟ್ಟರೆ ಕೆಲಸ ಆಗುತ್ತದೆ, ಸೋಲಾರ್ ತನ್ನ ಪಾಡಿಗೆ ಬಿಲ್ ಇಳಿಸುತ್ತಿರಲಿ. ದಿನಕ್ಕೆ ಐದಾರು ತಾಸು ಕರೆಂಟ್ ಇಲ್ಲದ ಊರಾದರೆ ಮಾತು ಬೇರೆ, ಅಲ್ಲಿ ಹೈಬ್ರಿಡ್ಡೇ ಸರಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. 3 ಕಿಲೋವ್ಯಾಟ್ ಅಂದರೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 12 ಯೂನಿಟ್ ಆಸುಪಾಸು. ಆಷಾಢದ ಮೋಡದಲ್ಲಿ ಅರ್ಧಕ್ಕೂ ಇಳಿಯಬಹುದು, ಅದು ಸಹಜ. ಬಿಸಿಲಿದ್ದೂ ಕಡಿಮೆ ಬಂದರೆ ನೀರಿನ ಟ್ಯಾಂಕಿನ ನೆರಳು ಬೀಳ್ತಿದೆಯಾ ನೋಡಿ. ಪ್ಯಾನೆಲ್‌ಗಳು ಒಂದೇ ಸಾಲಿನಲ್ಲಿ ಜೋಡಣೆಯಾಗಿರುತ್ತವಲ್ಲ, ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು. ನಮ್ಮ ಎರೆಮಣ್ಣಿನ ಧೂಳನ್ನು ಬೆಳಗ್ಗೆ ಬೇಗ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಬೋರ್‌ವೆಲ್ ನೀರು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಕೂಡಲೇ ಒರೆಸಿ.

ಇನ್ನು ಗಿರಣಿ. ಹಗಲು ಓಡುವ ಕೆಲಸಕ್ಕೆ ಸೋಲಾರ್ ಚೆನ್ನಾಗಿ ಹೊಂದುತ್ತದೆ. 10 ಎಚ್‌ಪಿ ಮೋಟರಿಗೆ ಸುಮಾರು ಏಳೂವರೆ ಕಿಲೋವ್ಯಾಟ್ ಬೇಕು. ಮಾಳಿಗೆಯಿಂದ ನಾಲ್ಕು ಬಂದರೆ ಉಳಿದದ್ದನ್ನು ಲೈನಿನಿಂದ ಎಳೆದುಕೊಳ್ಳುತ್ತದೆ, ಗಿರಾಕಿ ಇಲ್ಲದಾಗ ತಯಾರಾದದ್ದು ಲೈನಿಗೆ ಹೋಗುತ್ತದೆ. ಕರೆಂಟ್ ಹೋದರೆ ಮಾತ್ರ ಗಿರಣಿಯೂ ನಿಲ್ಲುತ್ತದೆ. ಬ್ಯಾಟರಿ ಮೇಲೆ ಓಡಿಸ್ತೀನಿ ಅಂತ ಹೊರಟರೆ ಸುಮ್ನೆ ದುಡ್ಡು ಹಾಳು, ಏಕೆಂದರೆ ಇಂಥ ಮೋಟರ್ ನೇರವಾಗಿ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ.

ಮನೆಗೆ ಕೇಂದ್ರ ಸರ್ಕಾರದ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಗಿರಣಿ ಮೀಟರಿಗೆ ಅದು ಸಿಗಲ್ಲ. ಅಣ್ಣ ಆದಾಯ ತೆರಿಗೆ ಕಟ್ಟುವವರಾದರೆ ಸವಕಳಿ (ಯಂತ್ರದ ಬೆಲೆ ವರ್ಷವರ್ಷ ಇಳಿಯುವುದು) ಲೆಕ್ಕದಲ್ಲಿ ಏನು ಉಳಿಯುತ್ತದೆ ಅಂತ ಅವರ ಆಡಿಟರ್‌ ಹತ್ತಿರ ಕೇಳಿಸಿ. ಪ್ಯಾನೆಲ್ ಮಾತ್ರ ಹಿಟ್ಟಿನ ಹುಡಿ ಹೊರಬೀಳುವ ಕಿಟಕಿಯಿಂದ ದೂರ ಇರಲಿ. ಹುಡಿ ಕೂತ ಮೇಲೆ ಒಂದು ತುಂತುರು ಮಳೆ ಬಂತೆಂದರೆ ಗಾಜಿನ ಮೇಲೆ ಗಂಜಿಯಂತೆ ಅಂಟಿ ಒಣಗುತ್ತದೆ, ಕೆರೆದರೂ ಬೇಗ ಬಿಡಲ್ಲ. ಕೊಟೇಶನ್ ಕೇಳುವ ಮುಂಚೆ ಹಿಂದಿನ 12 ತಿಂಗಳ ಬಿಲ್ ಒಂದೆಡೆ ಇಟ್ಟುಕೊಳ್ಳಲು ಹೇಳಿ. ಎಷ್ಟು ಕಿಲೋವ್ಯಾಟ್ ಬೇಕು ಅಂತ ಆ ಬಿಲ್ ನೋಡಿ ತೀರ್ಮಾನಿಸಲಿ, ಮಾಳಿಗೆಯಲ್ಲಿ ಜಾಗ ಇದೆ ಅಂತ ಜಾಸ್ತಿ ಹಾಕಿಸುವುದು ಬೇಡ.