57ರಿಂದ 71: ಆ ಹೋಲಿಕೆ ಯಾಕೆ ಕೈಕೊಡುತ್ತದೆ
ನೀತಿ ಆಯೋಗದ ಎಸ್‌ಡಿಜಿ (ಸುಸ್ಥಿರ ಅಭಿವೃದ್ಧಿ ಗುರಿ) ಸೂಚ್ಯಂಕದಲ್ಲಿ ಭಾರತದ ಅಂಕ 2018ರಲ್ಲಿ 57, 2023-24ರಲ್ಲಿ 71. 'ಪ್ರಬಂಧದಲ್ಲಿ ಇದನ್ನು 14 ಅಂಕದ ಪ್ರಗತಿ ಎಂದು ಬರೆದೆ, ಗೈಡ್ ಒಪ್ಪಲಿಲ್ಲ, ಕೊಡಗಿನ ಅಧ್ಯಾಯಕ್ಕೂ ಅಡ್ಡಿಯಾಗಿದೆ' ಎಂದಿದ್ದೀರಿ. ನಿಮ್ಮ ಕರಡು ನಾನು ನೋಡಿಲ್ಲ, ಆದರೆ ಕಾರಣ ಬಹುಶಃ ಅಳತೆಗೋಲೇ ಬದಲಾಗಿರುವುದು. 2018ರಲ್ಲಿ ಅಂಕದ ಲೆಕ್ಕಕ್ಕೆ ಇದ್ದದ್ದು 62 ಸೂಚಕ (ಅಳೆಯುವ ಅಂಶ), 2023-24ರಲ್ಲಿ 113.

ಮೊದಲು ಒಟ್ಟು ಅಂಕವನ್ನು ಬದಿಗಿಡಿ. ಎರಡೂ ವರದಿಯಲ್ಲಿರುವ ಐದಾರು ಸೂಚಕ ಆರಿಸಿ, ವ್ಯಾಖ್ಯೆ ಒಂದೇನಾ ನೋಡಿ. ಆಮೇಲೆ ಅಂಕದ ಬದಲು ಮೂಲ ಮೌಲ್ಯವನ್ನೇ (ಅಂಕವಾಗಿ ಬದಲಿಸುವ ಮುಂಚಿನ ಅಳತೆಯನ್ನು) ಹೋಲಿಸಿ. ಅದು ಕೇಂದ್ರ ಸಾಂಖ್ಯಿಕ ಸಚಿವಾಲಯದ ರಾಷ್ಟ್ರೀಯ ಸೂಚಕ ಚೌಕಟ್ಟಿನ ಪ್ರಗತಿ ವರದಿಯಲ್ಲಿ ಸಿಗುತ್ತದೆ.

ಕೊಡಗಿಗೆ ಅರಣ್ಯದ ಸೂಚಕ ತೆಗೆದುಕೊಳ್ಳುವುದಾದರೆ ಹುಷಾರು. ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗಕ್ಕೆ ಶೇ. 10ಕ್ಕಿಂತ ಜಾಸ್ತಿ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದ್ದಾದರೂ ಸರಿ. ಅಂದರೆ ನೆರಳಿನ ಕಾಫಿ ತೋಟವೂ ಅದರೊಳಗೆ ಬಂತು! ಕಾಡುಮರ ಕಡಿದು ಸಿಲ್ವರ್ ಓಕ್ ಬೆಳೆಸಿದರೂ ಶೇಕಡಾವಾರು ಹಾಗೇ ಉಳಿಯಬಹುದು. ದೇವರಕಾಡಿಗೂ ತೋಟಕ್ಕೂ ಅಲ್ಲಿ ವ್ಯತ್ಯಾಸವಿಲ್ಲ. ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ, ಪಠ್ಯದಲ್ಲೇ ಬರೆಯಿರಿ.

ಆರೋಗ್ಯ, ಪೌಷ್ಟಿಕತೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕೊಡಗು ಜಿಲ್ಲಾ ಪಟ್ಟಿ ಸಾಕು: 2015-16 ಮತ್ತು 2019-21. ಮಾದರಿ ಚಿಕ್ಕದು, ಹಾಗಾಗಿ ಒಂದೆರಡು ಶೇಕಡಾ ಏರಿಳಿತವನ್ನು 'ಪ್ರಗತಿ' ಎನ್ನಬೇಡಿ.