ನಂಬರ್ ರಿಜಿಸ್ಟ್ರಿಯ ವಾರ್ಷಿಕ ಯೋಜನೆ: ‘ಶುಲ್ಕ ಇಳಿಸಿ’ ಅನ್ನುವ ಮೊದಲು

ಇಂಟರ್‌ನೆಟ್ ವಿಳಾಸಗಳನ್ನು ಹಂಚಿ, ಯಾವುದು ಯಾರದು ಅಂತ ಬರೆದಿಡುವ ನಂಬರ್ ರಿಜಿಸ್ಟ್ರಿಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ. ಶುಲ್ಕದ ಬಿಲ್ ಬಂದ ವಾರ ಇನ್‌ಬಾಕ್ಸ್ ತುಂಬುತ್ತದೆ. ಕರಡು ಯೋಜನೆ ಹೊರಬಿದ್ದ ವಾರ ಒಬ್ಬರೂ ಬರೆಯುವುದಿಲ್ಲ. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ. ಐಪಿ ವಿಳಾಸ ಅಂದರೆ ಇಂಟರ್‌ನೆಟ್‌ನಲ್ಲಿ ಒಂದು ಯಂತ್ರದ ನಂಬರ್, ಎಎಸ್ ನಂಬರ್ ಅಂದರೆ ಒಂದು ಇಡೀ ನೆಟ್‌ವರ್ಕಿನ ಗುರುತು, ಇದಕ್ಕಿಂತ ಹೆಚ್ಚು ಹೇಳಿಕೊಡುತ್ತಾ ಕೂರುವುದಿಲ್ಲ. ರಿಜಿಸ್ಟ್ರಿಯ ಸದಸ್ಯರಾಗಿದ್ದೀರಿ ಅಂದಮೇಲೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನಮ್ಮದು ಸಣ್ಣ ಇಂಟರ್‌ನೆಟ್ ಕಂಪನಿ. ಹಳೇ ಮಾದರಿಯ ಐಪಿವಿ4 ವಿಳಾಸಗಳು ಖಾಲಿಯಾಗಿ ವರ್ಷಗಳೇ ಆದವು. ಹಂಚಲು ಏನೂ ಇಲ್ಲದ ರಿಜಿಸ್ಟ್ರಿಗೆ ಇಷ್ಟೊಂದು ಖರ್ಚು ಯಾಕೆ? ಸದಸ್ಯರದ್ದೇ ಸಂಸ್ಥೆ ಅನ್ನುತ್ತಾರೆ, ಆದರೆ ವಾರ್ಷಿಕ ಯೋಜನೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಎಲ್ಲ ತೀರ್ಮಾನ ಆಗಿರುತ್ತದೆ. ಶುಲ್ಕ ಇಳಿಸುವುದು ಹೇಗೆ?

‘ಹಂಚಲು ಏನೂ ಇಲ್ಲ’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಹಂಚುವುದು ರಿಜಿಸ್ಟ್ರಿಯ ಕೆಲಸದಲ್ಲಿ ಸುಲಭದ ಭಾಗ. ಯಾವ ನಂಬರ್ ಯಾರ ಹೆಸರಲ್ಲಿದೆ ಅಂತ ತಪ್ಪಿಲ್ಲದೆ ಬರೆದಿಡುವುದೇ ಕಷ್ಟದ್ದು.

ಪ್ರಾದೇಶಿಕ ರಿಜಿಸ್ಟ್ರಿಗಳಿಗೆ ಕೊಡಲು ಇದ್ದ ಜಗತ್ತಿನ ಒಟ್ಟು ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿಯಿತು. ಐದು ಪ್ರಾದೇಶಿಕ ರಿಜಿಸ್ಟ್ರಿಗಳ ಪೈಕಿ ಉತ್ತರ ಅಮೆರಿಕದ ಆರಿನ್ 2015ರಲ್ಲಿ ಖಾಲಿಯಾಯಿತು. ಯುರೋಪ್ ಮತ್ತು ಸುತ್ತಲಿನ ದೇಶಗಳನ್ನು ನೋಡಿಕೊಳ್ಳುವ ರೈಪ್ ಎನ್‌ಸಿಸಿ 2019ರ ನವೆಂಬರ್‌ನಲ್ಲಿ ಕೈಚೆಲ್ಲಿತು. ದಾಸ್ತಾನು ಬರಿದಾಗುತ್ತಾ ಹೋದಂತೆ ವಿಳಾಸಗಳು ದುಡ್ಡಿಗೆ ಕೈ ಬದಲಾಯಿಸತೊಡಗಿದವು. ದಿವಾಳಿಯಾದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 2011ರಲ್ಲೇ 75 ಲಕ್ಷ ಡಾಲರಿಗೆ ಪಡೆದಿತ್ತು. ವಿಳಾಸ ಒಂದಕ್ಕೆ ಸುಮಾರು 11 ಡಾಲರ್. 2021ರ ಹೊತ್ತಿಗೆ ಅದು 50 ದಾಟಿತ್ತು, ಆಮೇಲೆ ಇಳಿಯಿತು. ಬೆಲೆ ಬಂದ ಕಡೆಗೆ ಕಳ್ಳರೂ ಬರುತ್ತಾರೆ.

ವರ್ಗಾವಣೆಯ ಒಂದು ಅರ್ಜಿ ಹೇಗಿರುತ್ತದೆ ನೋಡಿ. ‘ಆ ಹಳೇ ಕಂಪನಿಯನ್ನು ನಾವು ಕೊಂಡಿದ್ದೇವೆ, ಅವರ ವಿಳಾಸಗಳನ್ನು ನಮ್ಮ ಹೆಸರಿಗೆ ಮಾಡಿಕೊಡಿ’ ಅಂತ ಒಂದು ಪತ್ರ. ಜೊತೆಗೆ ಕಂಪನಿ ನೋಂದಣಿಯ ಒಂದು ಪುಟ, ಬೇರೆ ಯಾವುದೋ ಭಾಷೆಯಲ್ಲಿ. ಕೆಳಗೆ ಒಂದು ಸಹಿ. ಸಹಿ ಹಾಕಿದವರಿಗೆ ಆ ತಾರೀಖಿನಂದು ಹಾಕುವ ಅಧಿಕಾರ ಇತ್ತಾ? ಕಂಪನಿ ಮುಚ್ಚಿದ್ದು ಮಾರಾಟಕ್ಕೆ ಮೊದಲೋ ಆಮೇಲೋ? ಪತ್ರ ಹಳೇ ಕಂಪನಿಯ ಇಮೇಲ್‌ನಿಂದಲೇ ಬಂದಿದೆ, ಸರಿ. ಆದರೆ ಆ ಡೊಮೈನ್ ಹೆಸರಿನ ಅವಧಿ ಮುಗಿದು, ಹೋದ ತಿಂಗಳು ಇನ್ಯಾರೋ ಅದನ್ನು ತಮ್ಮ ಹೆಸರಿಗೆ ಮಾಡಿಕೊಂಡಿರಬಹುದು. ವಿಳಾಸ ಲಪಟಾಯಿಸುವವರ ಮಾಮೂಲಿ ದಾರಿ ಇದು. ಇದೆಲ್ಲ ಆದಮೇಲೆ ಅರ್ಜಿದಾರರ ಹೆಸರು ಆರ್ಥಿಕ ನಿರ್ಬಂಧದ ಪಟ್ಟಿಯಲ್ಲಿ ಇದೆಯಾ ಅಂತ ನೋಡಬೇಕು. ಐರೋಪ್ಯ ಒಕ್ಕೂಟದ ನಿರ್ಬಂಧ ರೈಪ್ ಎನ್‌ಸಿಸಿಗೆ ಕಾನೂನು. ಈ ಕೆಲಸ ತಲೆಯಿರುವ ಜನರೇ ಕೂತು ಮಾಡಬೇಕು. ರಿಜಿಸ್ಟ್ರಿಗಳ ಬಜೆಟ್ಟಿನಲ್ಲಿ ದೊಡ್ಡ ಪಾಲು ಸಂಬಳಕ್ಕೆ ಹೋಗುವುದು ಇದಕ್ಕೇ.

ಇನ್ನೊಂದು ಆರ್‌ಪಿಕೆಐ. ಈ ವಿಳಾಸಗಳನ್ನು ಈ ಎಎಸ್ ನಂಬರಿನವರು ಅನೌನ್ಸ್ ಮಾಡಬಹುದು (‘ಇವಕ್ಕೆ ದಾರಿ ನಮ್ಮ ಕಡೆ’ ಅಂತ ಬೇರೆ ನೆಟ್‌ವರ್ಕ್‌ಗಳಿಗೆ ಸಾರಬಹುದು) ಅಂತ ಸಹಿ ಹಾಕಿ ಇಡುವ ವ್ಯವಸ್ಥೆ. 2008ರ ಫೆಬ್ರುವರಿ 24ರಂದು ಪಾಕಿಸ್ತಾನದ ಟೆಲಿಕಾಂ ಕಂಪನಿ ಯೂಟ್ಯೂಬ್‌ನ ವಿಳಾಸಗಳನ್ನು ತನ್ನದೆಂಬಂತೆ ಅನೌನ್ಸ್ ಮಾಡಿ, ಯೂಟ್ಯೂಬ್ ಹೊರಜಗತ್ತಿಗೂ ಕಾಣದಂತೆ ಮಾಡಿತ್ತು. ಅಂಥದ್ದನ್ನು ತಡೆಯಲು ಇದು ಬೇಕು. ಆದರೆ ಇದನ್ನು ನಡೆಸುವವರ ತಲೆ ಮೇಲೆ ಕತ್ತಿ ತೂಗುತ್ತಿರುತ್ತದೆ. 2024ರ ಜನವರಿ 3ರಂದು ಸ್ಪೇನಿನ ದೊಡ್ಡ ಟೆಲಿಕಾಂ ಕಂಪನಿಯೊಂದರ ರೈಪ್ ಖಾತೆಗೆ ಕಿಡಿಗೇಡಿಯೊಬ್ಬ ನುಗ್ಗಿದ. ಪಾಸ್‌ವರ್ಡ್ ತೀರಾ ಸುಲಭದ್ದು, ಎರಡನೇ ಹಂತದ ಲಾಗಿನ್ ಇರಲಿಲ್ಲ. ಬೇರೆ ಎಎಸ್ ನಂಬರ್ ಹಾಕಿ ಹೊಸ ದಾಖಲೆ ಮಾಡಿಟ್ಟ, ಅಷ್ಟೇ. ಕಂಪನಿ ಸ್ವತಃ ಸಾರಿದ್ದ ದಾರಿಗಳೇ (ರೂಟ್) ‘ಅಸಿಂಧು’ ಆದವು, ಬೇರೆ ನೆಟ್‌ವರ್ಕ್‌ಗಳು ಅವನ್ನು ಬೀಳಿಸಿದವು, ಗ್ರಾಹಕರಿಗೆ ಗಂಟೆಗಟ್ಟಲೆ ಇಂಟರ್‌ನೆಟ್ ಇಲ್ಲ. ಆಮೇಲೆ ಎರಡು ಹಂತದ ಲಾಗಿನ್ ಎಲ್ಲ ಸದಸ್ಯರಿಗೂ ಕಡ್ಡಾಯ ಆಯಿತು. ಯೋಜನೆಯಲ್ಲಿ ಭದ್ರತೆ, ಆಡಿಟ್ ಅನ್ನುವ ಸಾಲುಗಳು ದಪ್ಪಗಾದರೆ ಗೊಣಗುವವರು ಈ ಘಟನೆಯನ್ನು ಒಮ್ಮೆ ನೆನೆಸಿಕೊಳ್ಳಲಿ.

ಇದು ಖರ್ಚಿನ ಕಡೆಯ ಮಾತಾಯಿತು. ಆದಾಯದ ಕಡೆ ಏನಾಯಿತು ಅಂತ ಯಾರೂ ಕೇಳುವುದೇ ಇಲ್ಲ. 2012ರಿಂದ 2019ರವರೆಗೆ ರೈಪ್ ಎನ್‌ಸಿಸಿಯಲ್ಲಿ ಹೊಸ ಖಾತೆ ತೆರೆದವರಿಗೆ ತಲಾ 1,024 ವಿಳಾಸ ಸಿಗುತ್ತಿತ್ತು. ಬುದ್ಧಿವಂತರು ಒಂದೇ ಕಂಪನಿಗೆ ಹಲವು ಖಾತೆ ತೆರೆದರು. ಅಷ್ಟು ಖಾತೆಯ ಶುಲ್ಕ ಬಂತು. ದಾಸ್ತಾನು ಮುಗಿದ ಮೇಲೆ, 24 ತಿಂಗಳ ವರ್ಗಾವಣೆ ನಿರ್ಬಂಧ ಕಳೆದ ಕೂಡಲೇ, ವಿಳಾಸಗಳನ್ನು ಒಂದು ಖಾತೆಗೆ ಸೇರಿಸಿ ಉಳಿದವನ್ನು ಮುಚ್ಚಿದರು. ಖಾತೆ ಹೋಯಿತು, ಶುಲ್ಕ ಹೋಯಿತು. ದಾಖಲೆಯಲ್ಲಿ ಕಾಯಬೇಕಾದ ವಿಳಾಸ ಮಾತ್ರ ಒಂದೂ ಕಡಿಮೆ ಆಗಲಿಲ್ಲ. ಉಳಿದವರ ಬಿಲ್ ಏರದೆ ಇನ್ನೇನಾಗುತ್ತದೆ?

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಎಲ್ಲ ತೀರ್ಮಾನ ಆಗಿರುತ್ತದೆ ಅನ್ನುತ್ತೀರಿ. ಆಗಿರುತ್ತದೆ, ಯಾಕೆಂದರೆ ನೀವು ತಪ್ಪು ತಿಂಗಳಲ್ಲಿ ಬರುತ್ತೀರಿ. ರೈಪ್ ಎನ್‌ಸಿಸಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮುಂದಿನ ವರ್ಷದ ಚಟುವಟಿಕೆ ಯೋಜನೆ ಮತ್ತು ಬಜೆಟ್ಟಿನ ಕರಡು ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುತ್ತದೆ. ಅಭಿಪ್ರಾಯ ಕೇಳುತ್ತಾರೆ, ಮುಂದಿನ ಸದಸ್ಯರ ಸಭೆಯಲ್ಲಿ ಚರ್ಚೆ ಆಗುತ್ತದೆ, ವರ್ಷದ ಕೊನೆಗೆ ಆಡಳಿತ ಮಂಡಳಿ ಒಪ್ಪಿಗೆ ಕೊಡುತ್ತದೆ. ಶುಲ್ಕದ ಮತದಾನ ನಡೆಯುವುದು ಬೇರೆ ಸಭೆಯಲ್ಲಿ, ಮೇ ತಿಂಗಳ ಸುಮಾರಿಗೆ. ಅಂದರೆ ಖರ್ಚಿನ ಮಾತು ಒಂದು ಕಾಲದಲ್ಲಿ, ಶುಲ್ಕದ ಮಾತು ಇನ್ನೊಂದು ಕಾಲದಲ್ಲಿ. ಮೇನಲ್ಲಿ ‘ಶುಲ್ಕ ಜಾಸ್ತಿ’ ಅಂತ ಕೂಗುವವರು ಹಿಂದಿನ ಸೆಪ್ಟೆಂಬರ್‌ನಲ್ಲಿ ಕರಡನ್ನು ತೆರೆದೇ ಇರುವುದಿಲ್ಲ. ಬಿಲ್ ಬಂದ ಮೇಲೆ ಗಲಾಟೆ ಮಾಡುವುದಂತೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಎಲ್ಲ ಕಡೆ ಕ್ರಮ ಇದೇ ಅಲ್ಲ. ಆರಿನ್‌ನಲ್ಲಿ ಶುಲ್ಕವನ್ನೂ ಚುನಾಯಿತ ಮಂಡಳಿಯೇ ಗೊತ್ತು ಮಾಡುತ್ತದೆ. ಅಲ್ಲಿ ನಿಮ್ಮ ಜೋರು ಇರುವುದು ಮಂಡಳಿಯ ಚುನಾವಣೆಯಲ್ಲಿ. ನಿಮ್ಮ ರಿಜಿಸ್ಟ್ರಿಯಲ್ಲಿ ಯಾವುದಕ್ಕೆ ಮತ ಉಂಟು, ಯಾವುದಕ್ಕೆ ಬರೀ ಅಭಿಪ್ರಾಯ ಅಂತ ಮೊದಲು ತಿಳಿದುಕೊಳ್ಳಿ. ವರ್ಷಗಟ್ಟಲೆ ಸದಸ್ಯರಾಗಿದ್ದವರಿಗೂ ಇದು ಗೊತ್ತಿರುವುದಿಲ್ಲ.

ಕರಡು ಸಿಕ್ಕಮೇಲೆ ಮುನ್ನುಡಿ ಬಿಡಿ. ಅಲ್ಲಿ ‘ದೂರದೃಷ್ಟಿ’ ಇರುತ್ತದೆ, ದುಡ್ಡು ಇರುವುದಿಲ್ಲ. ಪ್ರತಿ ಚಟುವಟಿಕೆಗೆ ಎಷ್ಟು ಜನ, ಎಷ್ಟು ಹಣ ಅನ್ನುವ ಕೋಷ್ಟಕಕ್ಕೆ ಹೋಗಿ. ಹೋದ ವರ್ಷದ ಯೋಜನೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಜನ ಅಷ್ಟೇ ಇದ್ದು ಹಣ ಏರಿದ್ದರೆ ಸಂಬಳವೋ, ಸಾಫ್ಟ್‌ವೇರ್ ಲೈಸೆನ್ಸೋ, ಸಲಹೆಗಾರರ ಬಿಲ್ಲೋ ಅಂತ ಕೇಳಿ. ಚಟುವಟಿಕೆಗಳ ಹೆಸರು ಬದಲಾಯಿಸಿ, ಎರಡನ್ನು ಒಂದು ಮಾಡಿ ತೋರಿಸಿದ್ದರೆ ಹಳೇ ಲೆಕ್ಕವನ್ನೂ ಹೊಸ ತಲೆಬರಹದಲ್ಲಿ ಕೊಡಿ ಅಂತ ಪಟ್ಟು ಹಿಡಿಯಿರಿ. ಹೋದ ವರ್ಷ ಮಾಡುತ್ತೇವೆ ಅಂದಿದ್ದು ಈ ವರ್ಷದ ಕರಡಿನಲ್ಲಿ ಸದ್ದಿಲ್ಲದೆ ಮಾಯವಾಗಿದ್ದರೆ ಅದನ್ನು ಮೊದಲು ಹಿಡಿಯಿರಿ. ನಾನು ಮೊದಲು ಹುಡುಕುವುದೇ ಅದನ್ನು.

ಆಮೇಲೆ ಬರೆಯಿರಿ. ‘ಖರ್ಚು ಕಡಿಮೆ ಮಾಡಿ’ ಅಂತ ಬರೆದರೆ ಅದು ಕಸದ ಬುಟ್ಟಿಗೆ, ಹೋಗಬೇಕಾದ್ದೂ ಅಲ್ಲಿಗೇ. ಯಾವ ಕೆಲಸ ನಿಲ್ಲಿಸಬೇಕು, ನಿಲ್ಲಿಸಿದರೆ ಯಾರಿಗೆ ತೊಂದರೆ, ಆ ತೊಂದರೆ ನಿಮಗೆ ಒಪ್ಪಿಗೆಯಾ ಅಂತ ಬರೆಯಿರಿ. ಡೊಮೈನ್ ಹೆಸರುಗಳ ಮೂಲ ಸರ್ವರ್‌ಗಳಲ್ಲಿ ಒಂದಾದ ಕೆ-ರೂಟ್ ನಮ್ಮ ದುಡ್ಡಲ್ಲಿ ಯಾಕೆ ನಡೆಯಬೇಕು, ಇಂಟರ್‌ನೆಟ್ ಸಂಪರ್ಕ ಅಳೆಯುವ ರೈಪ್ ಅಟ್ಲಾಸ್ ಜಾಲ ಯಾಕೆ ಬೇಕು, ಜಗತ್ತಿನ ರೂಟಿಂಗ್ ಮಾಹಿತಿಯನ್ನೆಲ್ಲ ವರ್ಷಗಟ್ಟಲೆ ಕೂಡಿಡುವುದು ಯಾಕೆ ಅನ್ನುವುದೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಉತ್ತರ ನಿಮಗೆ ಒಪ್ಪಿಗೆ ಆಗದಿರಬಹುದು. ಆದರೆ ಉತ್ತರ ಕೊಡಲೇಬೇಕಾಗುತ್ತದೆ.

ಒಂದು ಲೆಕ್ಕ ಮಾತ್ರ ಮನಸ್ಸಿನಲ್ಲಿರಲಿ. ಖಾತೆಗಳು 20,000 ಅಂತಿಟ್ಟುಕೊಳ್ಳಿ. ನೀವು ಹೋರಾಡಿ 10 ಲಕ್ಷ ಯೂರೋದ ಒಂದು ಇಡೀ ಯೋಜನೆಯನ್ನು ನಿಲ್ಲಿಸಿದಿರಿ. ನಿಮ್ಮ ಪಾಲಿಗೆ ಉಳಿಯುವುದು ವರ್ಷಕ್ಕೆ 50 ಯೂರೋ. ರೈಪ್ ಎನ್‌ಸಿಸಿಯಲ್ಲಿ 2025ರ ಶುಲ್ಕ ಖಾತೆಗೆ 1,800 ಯೂರೋ. ಅದರ ಜೊತೆಗೆ ಎಎಸ್ ನಂಬರ್ ಒಂದಕ್ಕೆ 50 ಯೂರೋ ಬೇರೆ. ಇದನ್ನು ಮತ ಹಾಕಿ ಆರಿಸಿದ್ದು ಸದಸ್ಯರೇ. ಹಾಗಾಗಿ ಬಿಲ್ ಅರ್ಧಕ್ಕೆ ಇಳಿಯಬೇಕು ಅನ್ನುವವರು ಅರ್ಧ ಸಂಸ್ಥೆಯನ್ನು ಮುಚ್ಚಿ ಅನ್ನುತ್ತಿದ್ದಾರೆ, ಅವರಿಗೆ ಗೊತ್ತಿರಲಿ ಬಿಡಲಿ. ನಾನಂತೂ ಕರಡು ಓದುವುದು 50 ಯೂರೋ ಉಳಿಸಲಿಕ್ಕಲ್ಲ. ಹೊಸ ಹೊಸ ಹುರುಪಿನ ಯೋಜನೆಗಳ ಅಡಿಯಲ್ಲಿ ದಾಖಲೆ ಕಾಯುವ ಮೂಲ ಕೆಲಸದ ಜನ ಕಡಿಮೆಯಾಗಿದ್ದಾರಾ ಅಂತ ನೋಡಲಿಕ್ಕೆ.

ಹಾಂ, ‘ದೊಡ್ಡ ಕಂಪನಿಯೂ ನಮ್ಮಷ್ಟೇ ಕಟ್ಟುತ್ತದೆ’ ಅನ್ನುವುದು ಬೇರೆ ಜಗಳ. ಒಟ್ಟು ಎಷ್ಟು ಬೇಕು ಅನ್ನುವುದು ಒಂದು, ಯಾರು ಎಷ್ಟು ಹೊರಬೇಕು ಅನ್ನುವುದು ಇನ್ನೊಂದು. ಏಷ್ಯಾ-ಪೆಸಿಫಿಕ್‌ನ ಎಪಿನಿಕ್‌ನಲ್ಲಿ ಇಟ್ಟುಕೊಂಡ ವಿಳಾಸದ ಮೇಲೆ ಶುಲ್ಕ ಏರುತ್ತದೆ. ನಿಮಗೂ ಅದು ಬೇಕಿದ್ದರೆ ಶುಲ್ಕದ ಸಭೆಯಲ್ಲಿ ಕೇಳಿ. ಬಜೆಟ್ ಚರ್ಚೆಯಲ್ಲಿ ಇದನ್ನು ಎತ್ತಿ ಎಲ್ಲರ ಹೊತ್ತು ಹಾಳು ಮಾಡಬೇಡಿ.

ಪ್ರಶ್ನೆ: ಲಾಭಕ್ಕಲ್ಲದ ಸಂಸ್ಥೆ ಬ್ಯಾಂಕಿನಲ್ಲಿ ಅಷ್ಟೊಂದು ಮೀಸಲು ಹಣ ಇಟ್ಟುಕೊಂಡಿರುವುದು ಸರಿಯೇ? ಅದನ್ನೇ ಸದಸ್ಯರಿಗೆ ಹಂಚಬಾರದಾ?

2021ರ ಜುಲೈನಲ್ಲಿ ಆಫ್ರಿಕಾದ ರಿಜಿಸ್ಟ್ರಿ ಆಫ್ರಿನಿಕ್‌ಗೆ ಏನಾಯಿತು ಅಂತ ಓದಿಕೊಂಡು ಬನ್ನಿ. ಸದಸ್ಯ ಕಂಪನಿಯೊಂದರ ಜೊತೆಗಿನ ವ್ಯಾಜ್ಯದಲ್ಲಿ ಮಾರಿಷಸ್ ನ್ಯಾಯಾಲಯದ ಆದೇಶದಿಂದ ಅದರ ಬ್ಯಾಂಕ್ ಖಾತೆಗಳೇ ಸ್ತಂಭಿಸಿದವು. ಆಮೇಲೆ ಮಂಡಳಿಗೆ ಕೋರಂ ಇಲ್ಲದಂತಾಯಿತು, 2023ರಲ್ಲಿ ಸಂಸ್ಥೆ ನೋಡಿಕೊಳ್ಳಲು ನ್ಯಾಯಾಲಯವೇ ಒಬ್ಬ ರಿಸೀವರ್ ನೇಮಿಸಿತು. ಆ ಹೊತ್ತಿನಲ್ಲೂ ವಿಳಾಸದಿಂದ ಹೆಸರು ಹುಡುಕುವ ರಿವರ್ಸ್ ಡಿಎನ್‌ಎಸ್ ಓಡಬೇಕು, ದಾಖಲೆ ಸಿಗುತ್ತಿರಬೇಕು, ನೌಕರರಿಗೆ ಸಂಬಳ ಆಗಬೇಕು. ಸುಮಾರು ಒಂದು ವರ್ಷದ ಖರ್ಚಿನಷ್ಟು ಮೀಸಲು ಇರಲಿ ಅನ್ನುವವನು ನಾನು. ಈ ವಿಷಯದಲ್ಲಿ ನಾನು ಪುಕ್ಕಲ, ಒಪ್ಪುತ್ತೇನೆ. ಆದರೆ ಎಷ್ಟಿದೆ ಅಂತ ಮಾತ್ರ ಕೇಳಿದರೆ ಸಾಲದು, ಎಲ್ಲಿದೆ ಅಂತಲೂ ಕೇಳಿ. ಎಲ್ಲ ಒಂದೇ ಬ್ಯಾಂಕಿನಲ್ಲಿ, ಒಂದೇ ನ್ಯಾಯಾಲಯದ ವ್ಯಾಪ್ತಿಯಲ್ಲಿ ಇದ್ದರೆ ಆ ಮೀಸಲು ಕಾಗದದ ಮೇಲಷ್ಟೇ. ವರ್ಷದ ಕೊನೆಗೆ ಉಳಿದ ಹಣದ ಮಾತು ಬೇರೆ. ರೈಪ್ ಎನ್‌ಸಿಸಿಯಲ್ಲಿ ಅದನ್ನು ಮೀಸಲಿಗೆ ಸೇರಿಸುವುದೋ ಸದಸ್ಯರಿಗೆ ಮರಳಿಸುವುದೋ ಅಂತ ಸದಸ್ಯರೇ ಮತ ಹಾಕುತ್ತಾರೆ. ಪ್ರತಿ ವರ್ಷ ಭಾರಿ ಉಳಿತಾಯ ಬಂದರೆ ಖುಷಿಪಡಬೇಡಿ. ಯೋಜನೆ ಮಾಡುವವರಿಗೆ ಅಂದಾಜು ಬರುವುದಿಲ್ಲ ಅಂತ ಅರ್ಥ.

ಪ್ರಶ್ನೆ: ಏಜೆಂಟರೊಬ್ಬರು ನಮ್ಮ ಶುಲ್ಕ ಅರ್ಧ ಮಾಡಿಸಿಕೊಡುತ್ತೇನೆ, ಮಂಡಳಿಯಲ್ಲಿ ನಮ್ಮವರಿದ್ದಾರೆ ಅನ್ನುತ್ತಾರೆ. ನಂಬಬಹುದಾ?

ಇಲ್ಲ. ಶುಲ್ಕದ ಪಟ್ಟಿ ಎಲ್ಲರಿಗೂ ಒಂದೇ, ಬಹಿರಂಗವಾಗಿ ಇದೆ. ಖಾತೆಯ ಪಾಸ್‌ವರ್ಡ್ ಅವರ ಕೈಗೆ ಕೊಟ್ಟಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಬದಲಾಯಿಸಿ.

ಪ್ರಶ್ನೆ: ನಮ್ಮ ಪರವಾಗಿ ಮತ ಹಾಕಲು ಅಧಿಕಾರ ಪತ್ರ ಕೊಡಿ ಅಂತ ಒಬ್ಬರು ಕೇಳಿದ್ದಾರೆ. ನಮಗೂ ಪುರುಸೊತ್ತಿಲ್ಲ.

ಕೊಡಬೇಡಿ. 2025ರ ಜೂನ್‌ನಲ್ಲಿ ಆಫ್ರಿನಿಕ್ ಚುನಾವಣೆ ರದ್ದಾಗಿದ್ದು ಅಧಿಕಾರ ಪತ್ರದ ತಕರಾರಿನಿಂದಲೇ. ಸೆಪ್ಟೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ಆನ್‌ಲೈನ್ ಮತ ಹಾಕಲು ಕಾಫಿ ಕುಡಿಯುವಷ್ಟು ಹೊತ್ತೂ ಬೇಡ.

ಪ್ರಶ್ನೆ: ಹೊಸ ಮಾದರಿಯ ವಿಳಾಸ ಐಪಿವಿ6 ಬಂದಮೇಲೆ ರಿಜಿಸ್ಟ್ರಿ ಯಾಕೆ ಬೇಕು?

ಐಪಿವಿ6 ವಿಳಾಸವೂ ಯಾರದು ಅಂತ ಬರೆದಿಡಬೇಕು, ಅದಕ್ಕೆ.

ಪ್ರಶ್ನೆ: ಎಲ್ಲವನ್ನೂ ಬ್ಲಾಕ್‌ಚೈನ್‌ಗೆ ಹಾಕಿದರೆ ಬಜೆಟ್ಟೇ ಬೇಡ ಅಂತಾರಲ್ಲ?

ಮುಚ್ಚಿಹೋದ ಕಂಪನಿಯ ಸಹಿ ಅಸಲಿಯೋ ನಕಲಿಯೋ ಅಂತ ಬ್ಲಾಕ್‌ಚೈನ್ ಫೋನ್ ಮಾಡಿ ಕೇಳುವುದಿಲ್ಲ. ಮುಂದಿನದು.

ಪ್ರಶ್ನೆ: ವಿಳಾಸ ಹಂಚಿಕೆಯ ನಿಯಮ ಬದಲಾಯಿಸಬೇಕು. ಬಜೆಟ್ ಸಭೆಯಲ್ಲಿ ಹೇಳಿದರೆ ಆಗುತ್ತದಾ?

ಆಗುವುದಿಲ್ಲ. ನಿಯಮ ಮಾಡುವುದು ಯಾರು ಬೇಕಾದರೂ ಬರಬಹುದಾದ ಮುಕ್ತ ಸಮುದಾಯ. ಬಜೆಟ್ ನೋಡುವುದು ದುಡ್ಡು ಕಟ್ಟುವ ಸದಸ್ಯರು ಮತ್ತು ಮಂಡಳಿ. ಎರಡು ಬೇರೆ ಬಾಗಿಲು.

ಪ್ರಶ್ನೆ: ಈ ವರ್ಷದ ಕರಡಿನ ಗಡುವು ತಪ್ಪಿಹೋಯಿತು. ನಮಗೆ ಸೂಚನೆಯೇ ಬರಲಿಲ್ಲ. ಈಗ ಏನು ಮಾಡುವುದು?

ಸೂಚನೆ ಬಂದಿರುತ್ತದೆ. ನಿಮ್ಮ ಖಾತೆಯಲ್ಲಿ ಸಂಪರ್ಕಕ್ಕೆ ಕೊಟ್ಟಿರುವ ಇಮೇಲ್ ಯಾರದ್ದು ನೋಡಿ. ಕೆಲಸ ಬಿಟ್ಟು ಹೋದ ಯಾವುದೋ ಇಂಜಿನಿಯರ್‌ದೇ ಇರುತ್ತದೆ. ಒಬ್ಬರ ಹೆಸರಿನ ಬದಲು ಇಬ್ಬರು ಮೂವರು ನೋಡುವ ಒಂದು ಇಮೇಲ್ ಹಾಕಿ. ಶುಲ್ಕದ ಬಿಲ್ಲೂ ಅದಕ್ಕೇ ಬರುವುದು. ಕಟ್ಟದೆ ಬಿಟ್ಟರೆ ಸದಸ್ಯತ್ವವೂ ಹೋಗುತ್ತದೆ, ಕೊನೆಗೆ ನಂಬರ್‌ಗಳೂ.